ಹರಳೆಣ್ಣೆಯೂ ಹರಳಿನ ನಂಜೂ

ಚಿತ್ರದುರ್ಗದ ಕಡೆಯವರಾದ ನಮಗೆ ಅದು ಹರಳು. ಧಾರವಾಡ, ವಿಜಯಪುರಗಳ ಸ್ನೇಹಿತರಿಗೆ ಔಡಲ. ವೈದ್ಯಗ್ರಂಥಗಳಲ್ಲಿ ಏರಂಡ. ವರ್ಗವಾಗಿ ಹೈದರಾಬಾದಿಗೆ ಬಂದ ಮೇಲೆ ಆಮುದಂ ಎಂಬ ಇನ್ನೊಂದು ಹೆಸರೂ ನಮ್ಮ ಕಿವಿಗೆ ಬಿದ್ದಿತು. ಸಸ್ಯಶಾಸ್ತ್ರ ಅದನ್ನು ರಿಸಿನಸ್ ಕಮ್ಯೂನಿಸ್ ಎಂದು ಕರೆಯುತ್ತದೆ. ರಿಸಿನಸ್ ಎಂದರೆ ಲ್ಯಾಟಿನ್ನಿನಲ್ಲಿ ಉಣುಗು, ದನದ ಕಿವಿಗೆ ಕಚ್ಚಿಕೊಂಡು ರಕ್ತ ಹೀರಿ ಉಬ್ಬುವ ಹುಳು. ಬೀಜದ ತುದಿಯಲ್ಲಿರುವ ಸಣ್ಣ ಗಂಟನ್ನು ತಲೆಯೆಂದುಕೊಂಡರೆ ಹೋಲಿಕೆ ತಪ್ಪೆನ್ನಲಾಗದು. ನಮ್ಮ ಭಾಷೆಯಲ್ಲಾದರೋ ಉಂಗುರಕ್ಕೆ ಕೂರಿಸುವ ಕಲ್ಲಿಗೂ ಈ ಬೀಜಕ್ಕೂ ಒಂದೇ ಹೆಸರು. ಕಂದು ಮೈ, ಅದರ ಮೇಲೆ ಅಮೃತಶಿಲೆಯಂಥ ಬಿಳಿಗೆರೆ, ಕೈಯಲ್ಲಿ ಹಿಡಿದರೆ ಎಣ್ಣೆ ಸವರಿದಂಥ ನುಣುಪು: ಮಕ್ಕಳು ಅದನ್ನು ಆಯ್ದು ಜೇಬಿಗೆ ಹಾಕಿಕೊಳ್ಳುವುದರಲ್ಲಿ ಆಶ್ಚರ್ಯವೇನಿಲ್ಲ.

ಹಾಗೆ ಆಯ್ದುಕೊಂಡ ಬಾಲಕನೊಬ್ಬನಿಂದಲೇ ಈ ಲೇಖನಕ್ಕೆ ಕಾರಣ ಒದಗಿತು. ನಾವಿರುವ ಸರ್ಕಾರಿ ವಸತಿಗೃಹಗಳ ಆವರಣದಲ್ಲಿ, ಆಟದ ಮೈದಾನದ ಪಕ್ಕಕ್ಕೂ ಹಿಂದಿನ ಕಾಂಪೌಂಡಿನ ಉದ್ದಕ್ಕೂ ಹರಳು ಗಿಡಗಳು ತಾವಾಗಿಯೇ ಬೆಳೆದುಕೊಂಡಿದ್ದವು. ಆರು ವರ್ಷದ ಆ ಹುಡುಗ ಎರಡು ಬೀಜಗಳ ಸಿಪ್ಪೆ ಸುಲಿದು ಕಡಲೆಬೀಜದಂತೆ ಅಗಿದ. ಸಂಜೆಯ ಹೊತ್ತಿಗೆ ವಾಂತಿ ಹಿಡಿಯಿತು, ರಾತ್ರಿ ಭೇದಿ. ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿಸಿಕೊಂಡು ಗೆಲುವಾಗಿ ಮನೆಗೆ ಬಂದ. ಅವನು ಬರುವ ಮೊದಲೇ ಎಲ್ಲರ ಫೋನುಗಳಿಗೂ ಒಂದು ಸಂದೇಶ ಬಂದಿತ್ತು: ಜಗತ್ತಿನ ಅತಿ ಘೋರ ವಿಷ ನಿಮ್ಮ ಹಿತ್ತಲಲ್ಲೇ ಇದೆ, ಇದು ಯುದ್ಧಾಸ್ತ್ರ, ಇದರ ಎಣ್ಣೆಯನ್ನು ಮುಟ್ಟಬೇಡಿ. ಸಂಘದ ಸಭೆ ಸೇರಿತು. ಗಿಡಗಳನ್ನೆಲ್ಲ ಬೇರುಸಹಿತ ಕೀಳಿಸಬೇಕೆಂಬ ಸೂಚನೆ ಬಂತು. ಅದಕ್ಕಿಂತ ನಮ್ಮನ್ನು ಹೆಚ್ಚು ಕಲಕಿದ್ದು ಬೇರೊಂದು ಸಂಗತಿ. ನಮ್ಮ ತಾಯಿಯವರು ಪ್ರತಿವರ್ಷ ಹರಳೆಣ್ಣೆ ಕಾಸಿ ನೆರೆಯವರಿಗೆ ಒಂದೊಂದು ಶೀಷೆ ಕೊಡುವ ರೂಢಿ. ಪಕ್ಕದ ಮನೆಯವರು ಆ ಶೀಷೆಯನ್ನು ಒಂದು ಮಾತೂ ಆಡದೆ ಬಾಗಿಲ ಬಳಿ ಇಟ್ಟು ಹೋದರು. ತಾಯಿಯವರು ಅದನ್ನು ಒಳಗೆ ತಂದಿಟ್ಟು, "ಅಂದ್ರೆ ಇಷ್ಟು ವರ್ಷ ನಿಮ್ಮ ನೆತ್ತಿಗೆ ನಾನು ವಿಷ ತಟ್ಟಿದ್ನೇನ್ರಪ್ಪಾ?" ಎಂದು ಕೇಳಿದರು.

ಸಂಘದವರು ಒಂದು ಟಿಪ್ಪಣಿ ಬರೆದುಕೊಡಲು ನಮಗೆ ಹೇಳಿದ್ದರು. ಇಂಗ್ಲಿಷ್ ಎಂ.ಎ. ಓದಿದವರು ವಿಷದ ಮೇಲೆ ಟಿಪ್ಪಣಿ ಬರೆಯುವುದು ಕಡತಗಳ ಲೋಕದಲ್ಲಿ ವಿಶೇಷವೇನಲ್ಲ. ಆದರೆ ನಾವು ಓದಿದ್ದು ಸಂಘಕ್ಕಾಗಿ ಅಲ್ಲ, ತಾಯಿಯವರ ಆ ಪ್ರಶ್ನೆಗಾಗಿ.

ಹರಳುಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಆ ಎಣ್ಣೆಯ ಮೇದಾಮ್ಲಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಒಂದೇ ಆಮ್ಲ, ರಿಸಿನೋಲಿಕ್ ಆಮ್ಲ. ನಾವು ಅಡುಗೆಗೆ ಬಳಸುವ ಯಾವ ಎಣ್ಣೆಯೂ ಹೀಗೆ ಒಂದೇ ಆಮ್ಲದ ಮೇಲೆ ಇಷ್ಟು ಭಾರ ಹಾಕಿ ನಿಂತಿಲ್ಲ. ಹದಿನೆಂಟು ಇಂಗಾಲದ ಸರಪಳಿ, ಅದರ ಹನ್ನೆರಡನೆಯ ಕೊಂಡಿಗೆ ಅಂಟಿದ ಒಂದು ಹೈಡ್ರಾಕ್ಸಿಲ್ ಗುಂಪು: ಹರಳೆಣ್ಣೆಯ ಗುಣವೆಲ್ಲ ಈ ಒಂದು ಅಂಟಿನಲ್ಲಿದೆ. ಅಣುಗಳು ಅದರಿಂದಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಎಣ್ಣೆ ಜೇನಿನಂತೆ ಮಂದವಾಗುತ್ತದೆ. ಬೇರೆ ಎಣ್ಣೆಗಳು ಬೆರೆಯದ ಆಲ್ಕೊಹಾಲಿನಲ್ಲಿ ಇದು ಬೆರೆಯುತ್ತದೆ.

ನಂಜು ಇರುವುದು ಇಲ್ಲಲ್ಲ. ಅದರ ಹೆಸರು ರೈಸಿನ್. ಅದು ಎಣ್ಣೆಯಲ್ಲ, ಪ್ರೋಟೀನು. 1888ರಲ್ಲಿ ಇಂದಿನ ಎಸ್ಟೋನಿಯಾದ ಟಾರ್ಟು, ಆಗಿನ ಡೋರ್ಪಾಟ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಹರ್ಮನ್ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ಅದನ್ನು ಗುರುತಿಸಿ ಹೆಸರಿಟ್ಟ. ರೈಸಿನ್ ಎರಡು ತುಂಡುಗಳ ಜೋಡಿ. ಒಂದು ತುಂಡು ಜೀವಕೋಶದ ಹೊರಮೈಯ ಸಕ್ಕರೆಗಳನ್ನು ಹಿಡಿದುಕೊಂಡು ಒಳಗೆ ಹೋಗಲು ದಾರಿ ಮಾಡುತ್ತದೆ. ಇನ್ನೊಂದು ತುಂಡು ಒಳಗೆ ಸೇರಿ ರೈಬೋಸೋಮುಗಳ ಮೇಲೆ, ಅಂದರೆ ಕೋಶದ ಪ್ರೋಟೀನು ತಯಾರಿಸುವ ಯಂತ್ರಗಳ ಮೇಲೆ ಕೈ ಮಾಡುತ್ತದೆ. ಜಪಾನಿನ ಯಾಯೆತಾ ಎಂಡೊ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟಂತೆ, ಆ ತುಂಡು ರೈಬೋಸೋಮಿನ ಸಾವಿರಾರು ಅಕ್ಷರಗಳ ಆರ್‌ಎನ್‌ಎಯಲ್ಲಿ ಒಂದೇ ಒಂದು ಅಡೆನೀನನ್ನು ಕಿತ್ತುಹಾಕುತ್ತದೆ. ಅಷ್ಟಕ್ಕೇ ಯಂತ್ರ ಕೆಟ್ಟು ನಿಲ್ಲುತ್ತದೆ. ತಾನು ಸವೆಯದೆ ಮುಂದಿನದಕ್ಕೆ ಹೋಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ನೀರು, ಲವಣ, ಡ್ರಿಪ್, ಕಾಯುವಿಕೆ, ಇವೇ ಚಿಕಿತ್ಸೆ. ಹಾಗಿದ್ದೂ ಬೀಜ ತಿಂದು ಸಕಾಲಕ್ಕೆ ಆಸ್ಪತ್ರೆ ಸೇರಿದವರಲ್ಲಿ ಬಹುಪಾಲು ಜನ ಬದುಕಿಕೊಳ್ಳುತ್ತಾರೆ. ಇಡಿಯಾಗಿ ನುಂಗಿದ ಬೀಜ ತನ್ನ ಗಟ್ಟಿ ಕವಚದೊಂದಿಗೆ ಹಾಗೆಯೇ ಹೊರಬೀಳುವುದುಂಟು. ಅಗಿದರೆ ಮಾತ್ರ ಕಷ್ಟ. ನುಂಗಿದ್ದೋ ಅಗಿದದ್ದೋ ಎಂದು ಮನೆಯಲ್ಲಿ ಕುಳಿತು ತರ್ಕಿಸುವ ಕಾಲ ಅದಲ್ಲ. ಲಕ್ಷಣಗಳು ಕೆಲವು ಗಂಟೆ ತಡವಾಗಿ ಕಾಣಿಸುವುದರಿಂದ, ಮಗು ಆಡಿಕೊಂಡಿದೆಯಲ್ಲ ಎಂದು ಸುಮ್ಮನಿರುವುದೂ ಸಲ್ಲದು.

ಈಗ ತಾಯಿಯವರ ಪ್ರಶ್ನೆಗೆ ಬರೋಣ. ರೈಸಿನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಚೆನ್ನಾಗಿ ಕಾಯಿಸಿದರೆ ಎಲ್ಲ ಪ್ರೋಟೀನುಗಳಂತೆ ಅದರ ಸುರುಳಿಯೂ ಬಿಚ್ಚಿ ಕೆಡುತ್ತದೆ. ಇದನ್ನು ತಿಳಿದು ಅವರ ಕೆಲಸವನ್ನು ಮತ್ತೆ ನೆನೆದುಕೊಂಡೆವು. ಬೀಜಗಳನ್ನು ಮೊದಲು ಬಾಣಲೆಯಲ್ಲಿ ಹುರಿಯುತ್ತಾರೆ. ಒರಳಿನಲ್ಲಿ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರು ಬೆರೆಸಿ, ಗಂಟೆಗಟ್ಟಲೆ ಕುದಿಸುತ್ತಾರೆ. ಮೇಲೆ ತೇಲಿದ ಎಣ್ಣೆಯನ್ನಷ್ಟೇ ಸೌಟಿನಿಂದ ತೆಗೆದು ಬೇರೆ ಪಾತ್ರೆಗೆ ಹಾಕಿ, ಚಟಪಟ ಸದ್ದು ನಿಲ್ಲುವವರೆಗೆ, ಅಂದರೆ ನೀರಿನ ಪಸೆ ಪೂರ್ತಿ ಆರುವವರೆಗೆ, ಮತ್ತೆ ಕಾಸುತ್ತಾರೆ. ತಳದ ಗಸಿಯನ್ನು ದನದ ಬಾಯಿಗೆ ಸಿಗದಂತೆ ತಿಪ್ಪೆಯಲ್ಲಿ ಹೂಳಬೇಕೆಂಬುದು ಊರಿನ ಕಟ್ಟಳೆ. ಮೂರು ಸಲ ಬೆಂಕಿ, ಒಂದು ಸಲ ನೀರು. ನಂಜು ಬೆಂದು ಕೆಟ್ಟಿತು, ಉಳಿದದ್ದೇನಾದರೂ ಇದ್ದರೆ ನೀರಿನೊಂದಿಗೆ ತಳಕ್ಕೆ ಹೋಯಿತು. ಪ್ರಯೋಗಾಲಯದಲ್ಲಿ ಕುಳಿತು ಯೋಜಿಸಿದ್ದರೂ ಅಡುಗೆಮನೆಯೊಂದಕ್ಕೆ ಇದಕ್ಕಿಂತ ಕ್ಷೇಮವಾದ ಕ್ರಮ ಸಿಗುತ್ತಿರಲಿಲ್ಲ. ಹರಳು ಹಿಂಡಿ ಹೊಲಕ್ಕೆ ಒಳ್ಳೆಯ ಗೊಬ್ಬರ, ಹಸುವಿಗೆ ಮೇವಲ್ಲ ಎಂಬ ರೈತರ ವಿವೇಕದ ಮೂಲವೂ ಇದೇ.

ಇದನ್ನೆಲ್ಲ ತಾಯಿಯವರಿಗೆ ಓದಿ ಹೇಳಿದೆವು. "ಅದೆಲ್ಲ ನಮಗೆ ಗೊತ್ತಿರಲಿಲ್ಲಪ್ಪ. ನಮ್ಮತ್ತೆ ಹಾಗೆ ಮಾಡ್ತಿದ್ರು" ಎಂದರು.

ಆದರೆ ಅತ್ತೆಯವರು ಮಾಡುತ್ತಿದ್ದುದೆಲ್ಲ ಸರಿ ಎಂದು ನಾವು ಒಪ್ಪಲಾರೆವು. ಹುಟ್ಟಿದ ಕೂಸಿನ ನಾಲಗೆಗೆ ಹರಳೆಣ್ಣೆ ನೆಕ್ಕಿಸುವ ಪದ್ಧತಿ ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಇಂದಿಗೂ ಉಳಿದಿದೆ. ಎಣ್ಣೆಯಲ್ಲಿ ನಂಜಿಲ್ಲ, ನಿಜ. ಆದರೆ ಎಳೆಗೂಸಿನ ಶ್ವಾಸನಾಳಕ್ಕೆ ಒಂದು ಹನಿ ಜಾರಿದರೂ ಎಣ್ಣೆಯಿಂದಲೇ ನ್ಯುಮೋನಿಯಾ ಆಗಬಹುದು. ಭೇದಿಯಾದರೆ ಆ ಪುಟ್ಟ ದೇಹ ನೀರನ್ನು ಕಳೆದುಕೊಳ್ಳಲು ಹೆಚ್ಚು ಹೊತ್ತು ಬೇಡ. ನಮ್ಮ ಮಗಳು ಹುಟ್ಟಿದಾಗ ನಾವು ಬೇಡವೆಂದೆವು. ತಾಯಿಯವರು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಆ ಎಣ್ಣೆಯನ್ನು ಕೂಸಿನ ನೆತ್ತಿಗೆ ತಟ್ಟಿದರು. ಅದಕ್ಕೆ ನಮ್ಮ ಅಡ್ಡಿಯಿರಲಿಲ್ಲ. ಬಸುರಿಯರಿಗೆ ಇದನ್ನು ಕುಡಿಸಬಾರದೆಂಬ ಹಳೆಯ ಎಚ್ಚರಿಕೆಯನ್ನು ಮಾತ್ರ ವಿಜ್ಞಾನ ಎತ್ತಿಹಿಡಿದಿದೆ. ಎಣ್ಣೆ ಸಣ್ಣ ಕರುಳಿನಲ್ಲಿ ಒಡೆದು ರಿಸಿನೋಲಿಕ್ ಆಮ್ಲ ಬಿಡುಗಡೆಯಾದಾಗಲೇ ಭೇದಿಯಾಗುವುದು. ಇಲಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಆ ಆಮ್ಲ ಕರುಳಿನಲ್ಲಿ ಯಾವ ಗ್ರಾಹಕವನ್ನು ತಟ್ಟುತ್ತದೆಯೋ ಗರ್ಭಕೋಶದಲ್ಲೂ ಅದನ್ನೇ ತಟ್ಟುತ್ತದೆ.

ಫೋನಿನ ಸಂದೇಶದಲ್ಲಿದ್ದ ಯುದ್ಧಾಸ್ತ್ರದ ಮಾತೂ ಪೂರ್ತಿ ಸುಳ್ಳಲ್ಲ. ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದದ ಮೊದಲನೆಯ ಅನುಸೂಚಿಯಲ್ಲಿ ರೈಸಿನ್ ಹೆಸರಿದೆ. 1978ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವಾಟರ್ಲೂ ಸೇತುವೆಯ ಬಳಿ ಬಲ್ಗೇರಿಯಾದ ಲೇಖಕ ಗಿಯೋರ್ಗಿ ಮಾರ್ಕೊವ್ ತೊಡೆಗೆ ಚುಚ್ಚಿದ ಸಣ್ಣ ಲೋಹದ ಗುಂಡಿನಲ್ಲಿ ಇದ್ದದ್ದು ಇದೇ ಎಂದು ನಂಬಲಾಗಿದೆ; ನಾಲ್ಕು ದಿನದಲ್ಲಿ ಆತ ತೀರಿಕೊಂಡ. ಅಗಾಥಾ ಕ್ರಿಸ್ಟಿ 1929ರಷ್ಟು ಹಿಂದೆಯೇ ತನ್ನ ಕಥೆಯೊಂದರಲ್ಲಿ ರೈಸಿನ್ನಿನಿಂದ ಕೊಲೆ ಮಾಡಿಸಿದ್ದಳು. ಆದರೆ ಮನುಷ್ಯರನ್ನು ಹಿಂಸಿಸಲು ನಂಜೇ ಬೇಕೆಂದೇನೂ ಇಲ್ಲ. ಮುಸೊಲಿನಿಯ ಕರಿಯಂಗಿಯವರು ವಿರೋಧಿಗಳನ್ನು ಕೆಡವಿಕೊಂಡು ಬಲವಂತವಾಗಿ ಹರಳೆಣ್ಣೆ ಕುಡಿಸುತ್ತಿದ್ದರು. ಅವಮಾನವೇ ಅದರ ಉದ್ದೇಶ. ಕೆಲವರು ಅದರಿಂದ ಸತ್ತರು ಕೂಡ. ಹರಳೆಣ್ಣೆ ಕುಡಿದ ಮುಖ ಎಂದು ನಾವು ನಗುವ ಮಾತು ಇಟಲಿಯ ಆ ತಲೆಮಾರಿನವರಿಗೆ ನಗೆಯ ಮಾತಾಗಿರಲಾರದು.

ಎಣ್ಣೆಯ ಉಪಯೋಗಗಳನ್ನು ಹೇಳಹೊರಟರೆ ಎಲ್ಲಿ ನಿಲ್ಲಿಸುವುದೋ ತಿಳಿಯದು. ಈಜಿಪ್ಟಿನವರು ಇದರಿಂದ ದೀಪ ಹೊತ್ತಿಸುತ್ತಾರೆ, ವಾಸನೆ ಮಾತ್ರ ಹಿತವಲ್ಲ ಎಂದು ಹೆರೊಡೊಟಸ್ ಬರೆದಿಟ್ಟಿದ್ದಾನೆ. ನಮ್ಮ ಮನೆಗಳಲ್ಲಿ ಆ ದೀಪದ ಮಸಿಯನ್ನು ತಾಮ್ರದ ತಟ್ಟೆಗೆ ಹಿಡಿದು ಕಾಡಿಗೆ ಮಾಡುತ್ತಿದ್ದರು. ತೊಗರಿಬೇಳೆಗೆ ಹುಳು ಬೀಳದಂತೆ ಸವರುತ್ತಿದ್ದರು. ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಗೂ ಇದೇ ಆಧಾರ. ಅದೇ ಕೀಲೆಣ್ಣೆ ಆಕಾಶಕ್ಕೂ ಏರಿತು: ಮೊದಲನೆಯ ಮಹಾಯುದ್ಧದ ವಿಮಾನಗಳ ತಿರುಗು ಎಂಜಿನುಗಳಿಗೆ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಈ ಮಂದ ಎಣ್ಣೆಯೇ ಬೇಕಿತ್ತು. 1909ರಲ್ಲಿ ಹುಟ್ಟಿದ ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲಿ ಹರಳು ಅಡಗಿ ಕುಳಿತಿದೆ. ನೈಲಾನ್ 11 ಎಂಬ ಪ್ಲಾಸ್ಟಿಕ್ ಇದರಿಂದಲೇ ಆಗುತ್ತದೆ. ಚಾಕೊಲೇಟಿನ ಹೊದಿಕೆಯ ಮೇಲೆ ಇ476 ಎಂಬ ಸಂಖ್ಯೆಯಿದ್ದರೆ, ಎರಕ ಹೊಯ್ಯುವಾಗ ಅದು ಸರಾಗವಾಗಿ ಹರಿಯಲೆಂದು ಸೇರಿಸಿದ ಆ ಪದಾರ್ಥಕ್ಕೂ ಮೂಲ ಹರಳೆಣ್ಣೆ. ಶೀಷೆಯನ್ನು ಹಿಂದಿರುಗಿಸಿದ ಮನೆಯ ಮಕ್ಕಳು ಎಷ್ಟು ಚಾಕೊಲೇಟು ತಿಂದಿದ್ದಾರೋ!

ಜಗತ್ತಿನ ಹರಳಿನಲ್ಲಿ ಬಹುಪಾಲು ಬೆಳೆಯುವುದು ಭಾರತದಲ್ಲಿ, ಅದರಲ್ಲೂ ಗುಜರಾತಿನಲ್ಲಿ. ಜಿಸಿಎಚ್-3 ಎಂಬ ಮೊದಲ ಸಂಕರ ತಳಿ ಅಲ್ಲಿಯೇ 1960ರ ದಶಕದ ಕೊನೆಯಲ್ಲಿ ಬಂದಿತು. ಈ ಬೆಳೆಯ ಮೇಲೆ ಕೆಲಸ ಮಾಡುವ ಭಾರತೀಯ ಎಣ್ಣೆಬೀಜ ಸಂಶೋಧನಾ ಸಂಸ್ಥೆ ನಮ್ಮ ಹೈದರಾಬಾದಿನ ರಾಜೇಂದ್ರನಗರದಲ್ಲಿದೆ. ಮಹಬೂಬನಗರ, ನಲ್ಗೊಂಡ ಸೀಮೆಯ ಕೆಂಪು ಹೊಲಗಳಲ್ಲಿ ಮಳೆಯನ್ನೇ ನಂಬಿದ ರೈತರು ಆಮುದಂ ಬಿತ್ತುತ್ತ ಬಂದಿದ್ದಾರೆ. ಚಿತ್ರದುರ್ಗದಲ್ಲಿ ಶೇಂಗಾ ಹೊಲದ ಅಂಚಿಗೆ ಹರಳು ಹಾಕುವುದುಂಟು. ಎಲೆ ತಿನ್ನುವ ಹುಳು ಶೇಂಗಾ ಬಿಟ್ಟು ಅದರ ಅಗಲ ಎಲೆಗೆ ಹೋಗುತ್ತದೆ. ಮರಗಳಿಲ್ಲದ ದೇಶದಲ್ಲಿ ಹರಳೂ ಮರವೆನಿಸಿಕೊಳ್ಳುತ್ತದೆಂದು ಸಂಸ್ಕೃತದಲ್ಲಿ ಕುಹಕದ ಮಾತೊಂದಿದೆ. ಮಳೆನೆರಳಿನ ಊರಿನಲ್ಲಿ ಒಂದು ವರ್ಷವನ್ನಾದರೂ ಕಳೆದವರು ಅದನ್ನು ಆಡಿರಲಾರರು ಎಂದು ನಮ್ಮ ಗುಮಾನಿ.

ಟಿಪ್ಪಣಿ ಒಂದೂವರೆ ಪುಟವಾಯಿತು. ಆಟದ ಮೈದಾನದ ಬಳಿಯ ಗಿಡಗಳನ್ನು ತೆಗೆಯಬೇಕು. ಹಿಂದಿನ ಕಾಂಪೌಂಡಿನವು ಇರಲಿ, ಆದರೆ ಕಾಯಿ ಒಣಗಿ ಸಿಡಿಯುವ ಮೊದಲೇ ಗೊಂಚಲು ಕೊಯ್ಯಬೇಕು. ಬೀಜ ಅಗಿದ ಮಗುವನ್ನು ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಎಣ್ಣೆಯ ಬಗ್ಗೆ ಭಯ ಬೇಡ, ಕೂಸುಗಳಿಗೂ ಗರ್ಭಿಣಿಯರಿಗೂ ಕುಡಿಸುವುದು ಬೇಡ. ಸಭೆಯಲ್ಲಿ ಆ ಹುಡುಗನ ತಂದೆ ಒಂದು ಗಿಡವೂ ಉಳಿಯಬಾರದೆಂದರು. ಆಸ್ಪತ್ರೆಯ ಬಾಗಿಲಲ್ಲಿ ಎರಡು ರಾತ್ರಿ ಕುಳಿತವರಿಗೆ ರೈಬೋಸೋಮಿನ ಕಥೆ ಹೇಳುವ ಧೈರ್ಯ ನಮಗಾಗಲಿಲ್ಲ. ಟಿಪ್ಪಣಿ ಬಹುಮತದಿಂದ ಅಂಗೀಕಾರವಾಯಿತು. ಮಹಬೂಬನಗರದವನಾದ ಮಾಲಿ ಮರುದಿನ ಮೈದಾನದ ಪಕ್ಕದ ಏಳು ಗಿಡಗಳನ್ನು ಕಿತ್ತ. ಗೊಂಚಲುಗಳನ್ನು ಮಾತ್ರ ಎಸೆಯದೆ ಚೀಲಕ್ಕೆ ತುಂಬಿ ನಮ್ಮ ಬಾಗಿಲಿಗೆ ತಂದು ಅಮ್ಮನವರನ್ನು ಕೂಗಿದ.

ತಾಯಿಯವರು ಆ ಬೀಜಗಳನ್ನು ಒಣಗಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿ, ಮೊಮ್ಮಗಳ ಕೈಗೆ ಎಟುಕದಂತೆ ಅಟ್ಟದ ಮೇಲೆ ಇಡಿಸಿದ್ದಾರೆ. ನರಕಚತುರ್ದಶಿಯ ಎಣ್ಣೆಸ್ನಾನಕ್ಕೆ ಮೊದಲು ಕಾಸಬೇಕಂತೆ. ಪಕ್ಕದ ಮನೆಯವರು ಶೀಷೆಯನ್ನು ಇನ್ನೂ ಕೇಳಿಲ್ಲ. ಅದು ತೊಳೆದು ಒರಸಿದ ಸ್ಥಿತಿಯಲ್ಲಿ ಕಿಟಕಿಯ ಮೇಲಿದೆ.