ಹದಿನೆಂಟು ಮಕ್ಕಳ ಪಂಕ್ತಿ

ಮಳೆ ಹಿಡಿದು ಹೊಲದ ಕೆಲಸ ನಿಂತ ದಿನ ಹಿರೇಕೊಟ್ನೆಕಲ್ಲಿನ ನಮ್ಮ ಮನೆಯ ಪಡಸಾಲೆ ತುಂಬ ಜನವೋ ಜನ. ಅಂಥ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಹಳೆಯ ಹಾಲಿವುಡ್ ಚಿತ್ರವೊಂದಿದೆ: 1968ರ ‘ಯುವರ್ಸ್, ಮೈನ್ ಅಂಡ್ ಅವರ್ಸ್’. ನಗೆಚಿತ್ರ ಅಂದರೆ ನಮ್ಮ ಕಡೆ ಚಾಪ್ಲಿನ್ ಗೊತ್ತು, ಲಾರೆಲ್–ಹಾರ್ಡಿ ಗೊತ್ತು. ಇದರ ಹೆಸರೆತ್ತುವವರು ಕಡಿಮೆ. ಬಂದ ಕಾಲಕ್ಕೆ ಅಮೆರಿಕದಲ್ಲಿ ಜೋರಾಗಿಯೇ ಓಡಿದ ಚಿತ್ರವಿದು.

ಫ್ರ್ಯಾಂಕ್ ನೌಕಾಪಡೆಯವನು. ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳು ಹತ್ತು. ಹೆಲೆನ್ ನರ್ಸು. ಅವಳ ಗಂಡನೂ ಇಲ್ಲ, ಮಕ್ಕಳು ಎಂಟು. ಇವರಿಬ್ಬರು ಮದುವೆಯಾಗುತ್ತಾರೆ. ಬೇರ್ಡ್ಸ್ಲಿ ಅನ್ನುವ ಈ ಕುಟುಂಬ ಕ್ಯಾಲಿಫೋರ್ನಿಯಾದಲ್ಲಿ ನಿಜವಾಗಿ ಬಾಳಿದ್ದು. ಆ ಮದುವೆ ನಡೆದದ್ದು 1961ರಲ್ಲಿ. ಹೆಲೆನ್ ತಾನೇ ಬರೆದ ಪುಸ್ತಕವನ್ನು ಆಧರಿಸಿ ಮೆಲ್ವಿಲ್ ಶೆವೆಲ್ಸನ್ ಚಿತ್ರ ಮಾಡಿದ. ಹೆಲೆನ್ ಆಗಿ ಲೂಸಿಲ್ ಬಾಲ್, ಫ್ರ್ಯಾಂಕ್ ಆಗಿ ಹೆನ್ರಿ ಫೊಂಡಾ.

ಎರಡನೆಯ ಸಂಬಂಧ ನಮಗೇನೂ ಹೊಸದಲ್ಲ. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಉಡಿಕಿ ಮಾಡಿಕೊಡುವ ರೂಢಿ ಹಿಂದಿನಿಂದಲೂ ಇತ್ತು. ಹಾಗೆ ಬಂದವಳ ಜೊತೆಗೆ ಬಂದ ಮಕ್ಕಳ ಮಾತು ತೆಗೆದಾಗ ಮಾತ್ರ ಹಿರಿಯರ ದನಿ ತಗ್ಗುತ್ತಿತ್ತು. ಹೊಸ ಮನೆಯ ಪಂಕ್ತಿಯಲ್ಲಿ ಆ ಕೂಸು ಎಲ್ಲಿ ಕೂರಬೇಕು, ಯಾರನ್ನು ಏನಂತ ಕರೆಯಬೇಕು ಅನ್ನುವುದನ್ನು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಈ ಚಿತ್ರ ಕೇಳುತ್ತದೆ, ನಗುತ್ತಲೇ ಕೇಳುತ್ತದೆ. ನನಗೆ ಇದು ಇಷ್ಟವಾಗಲು ಅದೇ ಕಾರಣ.

ಊಟದ ದೃಶ್ಯವೊಂದಿದೆ. ಮದುವೆಗೆ ಮೊದಲು ಹೆಲೆನ್ ಫ್ರ್ಯಾಂಕನ ಮನೆಗೆ ಊಟಕ್ಕೆ ಬಂದಿದ್ದಾಳೆ. ದೊಡ್ಡ ಹುಡುಗರಿಗೆ ಅವಳು ಬರುವುದೇ ಬೇಕಿಲ್ಲ. ಅವಳ ಪಾನೀಯದಲ್ಲಿ ಸಿಕ್ಕ ಸಿಕ್ಕ ಮದ್ಯವನ್ನೆಲ್ಲ ಬೆರೆಸಿ ಕೊಡುತ್ತಾರೆ. ಅಮಲೇರಿದ ಹೆಲೆನ್ ನಗಲು ಶುರುಮಾಡುತ್ತಾಳೆ, ನಿಲ್ಲಿಸಲಾಗುವುದಿಲ್ಲ. ನಗು ಹಾಗೇ ಜಾರಿ ಅಳುವಾಗುತ್ತದೆ. ಎಲ್ಲಿ ನಗು ಮುಗಿಯಿತು, ಎಲ್ಲಿ ಅಳು ಶುರುವಾಯಿತು ಎಂದು ನಾನು ಪ್ರತಿಸಲ ಹುಡುಕುತ್ತೇನೆ. ಅವಳ ಮುಖದಲ್ಲಿ ಆ ಗೆರೆ ಸಿಗುವುದಿಲ್ಲ. ಗಂಡನನ್ನು ಕಳಕೊಂಡು ಎಂಟು ಮಕ್ಕಳನ್ನು ಸಾಕುತ್ತಿರುವವಳ ದಣಿವೆಲ್ಲ ಪರರ ಮಕ್ಕಳೆದುರು ಹೊರಗೆ ಬಂದುಬಿಡುತ್ತದೆ. ಲೂಸಿಲ್ ಬಾಲ್ ಹಾಗೆ ನಗಿಸುವುದನ್ನೇ ಬಾಳಿನ ಕಸುಬಾಗಿಸಿಕೊಂಡವಳು ಮಾತ್ರ ಹೀಗೆ ಅಳಬಲ್ಲಳು.

ಮದುವೆಯ ಮೇಲೆ ಫ್ರ್ಯಾಂಕ್ ಹಡಗಿನ ಶಿಸ್ತನ್ನು ಮನೆಗೆ ತರುತ್ತಾನೆ. ಪ್ರತಿ ಮಗುವಿಗೂ ಒಂದು ಸಂಖ್ಯೆ, ಬಚ್ಚಲಿಗೆ ಬಣ್ಣ, ಮಲಗುವ ಕೋಣೆಗೆ ಅಕ್ಷರ. ಮಕ್ಕಳು ತಮ್ಮ ಗುರುತನ್ನು ಬಾಯಿಪಾಠ ಮಾಡಿಕೊಂಡು ಓಡಾಡುತ್ತಾರೆ. ಇಂಗ್ಲಿಷ್ ಬಾರದ ನಮ್ಮ ಚಿಗವ್ವ ಇದನ್ನೆಲ್ಲ ಕಣ್ಣಿಂದಲೇ ಅರ್ಥಮಾಡಿಕೊಂಡು ನೋಡುತ್ತಿದ್ದವಳು ನಡುವೆ ಕೇಳಿದಳು: “ಇಷ್ಟು ಮಂದಿಗೆ ರೊಟ್ಟಿ ಬಡಿಯಾಕಿ ಯಾರೋ ಯಪ್ಪಾ?” ದೊಡ್ಡ ಮನೆಯ ಒಲೆ ಮುಂದೆ ಕೂತವಳ ಪ್ರಶ್ನೆ ಅದು. ಚಿತ್ರದ ಪ್ರಾಣವೂ ಅಲ್ಲೇ ಇದೆ. ಸಂತೆಯಷ್ಟು ಸಾಮಾನು, ಗುಡ್ಡೆ ಬಿದ್ದ ಬಟ್ಟೆ, ಶಾಲೆಗೆ ಹೊರಡಿಸುವ ಗದ್ದಲ. ಪ್ರೀತಿ ಅಂತ ತೋರಿಸುವುದು ಇದನ್ನೇ.

ಹೆಲೆನ್ ಮಗ ಪುಟ್ಟ ಫಿಲಿಪ್‌ನದು ಸಣ್ಣ ಕಥೆ, ಆದರೆ ನನಗೆ ಬಲು ದೊಡ್ಡದು. ಶಾಲೆಯಲ್ಲಿ ತನ್ನ ಹೆಸರಿನ ಮುಂದೆ ಬೇರ್ಡ್ಸ್ಲಿ ಎಂದು ಬರೆಯಲು ಹೋದರೆ ಟೀಚರು ಬಿಡುವುದಿಲ್ಲ. ಕಾನೂನಿನ ಪ್ರಕಾರ ಅವನಿನ್ನೂ ತೀರಿಹೋದ ಅಪ್ಪನ ಹೆಸರಿನ ನಾರ್ತ್. ಕೊನೆಗೆ ಇಡೀ ಮನೆ ನ್ಯಾಯಾಲಯಕ್ಕೆ ಹೋಗಿ ದತ್ತಕದ ಕೆಲಸ ಮುಗಿಸಬೇಕಾಗುತ್ತದೆ.

ಹೆಲೆನ್‌ಗೆ ಹೆರಿಗೆ ನೋವು ಬಂದು ಮನೆಯೆಲ್ಲ ಗಡಿಬಿಡಿಯಾದಾಗಲೇ ಹರೆಯದ ಮಗಳೊಬ್ಬಳು ಪ್ರೇಮ ಅಂದರೇನೆಂದು ಕೇಳಿ ಹಿಂದೆ ಬೀಳುತ್ತಾಳೆ. ಆಸ್ಪತ್ರೆಗೆ ಹೊರಟ ಅವಸರದಲ್ಲೇ ಫೊಂಡಾ ಉತ್ತರ ಕೊಡುತ್ತಾನೆ: ಕೂಡಿ ಮಲಗುವುದರಲ್ಲಿ ಅದರ ಪರೀಕ್ಷೆಯಿಲ್ಲ, ಬೆಳಗಾದ ಮೇಲೆ ಎದ್ದು ಬೇಸರದ ದಿನವನ್ನು ಕೂಡಿ ಎದುರಿಸುವುದರಲ್ಲಿದೆ ಎಂಬ ಅರ್ಥದ ಮಾತು. ಉಪದೇಶ ಅನ್ನಿಸುವುದೇ ಇಲ್ಲ. ಅಷ್ಟು ಗಡಿಬಿಡಿಯಲ್ಲಿ ಯಾರು ಉಪದೇಶ ಮಾಡುತ್ತಾರೆ!

ಈ ಕಥೆ ನಮ್ಮ ದೇಶಕ್ಕೂ ಬಂತು. 1978ರಲ್ಲಿ ಬಾಸು ಚಟರ್ಜಿ ಹಿಂದಿಯ ‘ಖಟ್ಟಾ ಮೀಠಾ’ದಲ್ಲಿ ಇದನ್ನು ಪಾರ್ಸಿ ಮನೆಗೆ ತಂದರು. 1980ರಲ್ಲಿ ನಟಿ ಲಕ್ಷ್ಮಿ ತಾವೇ ನಿರ್ದೇಶಿಸಿ, ವಿಷ್ಣುವರ್ಧನ್ ಜೊತೆ ನಟಿಸಿ ‘ಮಕ್ಕಳ ಸೈನ್ಯ’ ಮಾಡಿದರು. ತಮಿಳಿನಲ್ಲೂ ಅದೇ ವರ್ಷ ಬಂತು. ವಿಷ್ಣು ಅಭಿಮಾನಿಗಳು ಕೂಡ ಇದನ್ನು ನೆನೆಯುವುದು ಅಪರೂಪ, ನನಗದು ನಿಜಕ್ಕೂ ಬೇಸರ. ಮೊದಲು ಲೂಸಿಲ್ ಬಾಲ್ ಅವರನ್ನು ನೋಡಿ, ಮರುದಿನವೇ ಲಕ್ಷ್ಮಿಯವರ ಚಿತ್ರ ಹಚ್ಚಿರಿ. ಮನೆಯ ಹಿರಿಯ ಹೆಂಗಸರನ್ನು ಮುಂದಿನ ಸಾಲಿಗೆ ಕೂಡಿಸಿ.