ಅವ್ವನ ಹಂಡೆ ಮತ್ತು ತಾಂಬಟ ಆಳಿ

ಪುಣೆಗೆ ಬಂದು ಹದಿನಾಲ್ಕು ವರ್ಷವಾದರೂ ತಾಂಬಟ ಆಳಿಗೆ ಹೋಗಿರಲಿಲ್ಲ. ಶನಿವಾರವಾಡಾ ನೋಡಿದ್ದೆ. ಊರಿಂದ ಬಂದ ನೆಂಟರನ್ನೆಲ್ಲ ಕಸಬಾ ಗಣಪತಿಗೆ ಕರೆದೊಯ್ದಿದ್ದೆ. ಅದೇ ಪೇಠೆಯಲ್ಲಿರುವ ತಾಮ್ರದ ಕೆಲಸಗಾರರ ಓಣಿಗೆ ಹೋಗಲು ಮಾತ್ರ ಕಾರಣ ಇರಲಿಲ್ಲ. ಕೊನೆಗೆ ಕಾರಣವಾದದ್ದು ಒಂದು ತೂತು, ನಾನೇ ಕೊರೆಯಲು ಹೋಗಿ ಕೆಡಿಸಿದ್ದು.

ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಮನೆ ಖಾಲಿ ಮಾಡಿ ಅವ್ವನನ್ನು ಪಿಂಪ್ರಿಯ ನಮ್ಮ ಫ್ಲ್ಯಾಟಿಗೆ ಕರೆತಂದೆವು. ಸಾಮಾನೆಲ್ಲ ಅವರಿವರಿಗೆ ಕೊಟ್ಟಾಗಲೂ ಅವ್ವ ಒಂದು ಮಾತು ಆಡಲಿಲ್ಲ. ಒಂದು ತಾಮ್ರದ ಹಂಡೆಯನ್ನು ಮಾತ್ರ ಕಾರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬಂದಳು. ಇಪ್ಪತ್ತು ಲೀಟರಿನ ಹಂಡೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅಪ್ಪನ ಹೆಸರು. ಕುಡಿಯುವ ನೀರು ಅದರಲ್ಲೇ ಇರಬೇಕು. ಆದರೆ ಈಚೆಗೆ ಅವ್ವನ ಬಲಗೈ ಮಣಿಕಟ್ಟು ನೋಯುತ್ತದೆ.

"ಬಗ್ಗಸಾಕ ಆಗೂದಿಲ್ಲೋ ತಮ್ಮಾ. ಇದಕ್ಕೊಂದು ನಳಾ ಕೂಡಿಸಿಕೊಡು," ಅಂದಳು.

ಇಲ್ಲಿಗೆ ಬಂದ ಮೇಲೆ ಅವಳು ನನ್ನನ್ನು ಕೇಳಿದ ಮೊದಲ ಕೆಲಸ ಅದು. ಲಾಕ್‌ಡೌನ್ ಕಾಲದಿಂದ ನನ್ನ ಬಾಲ್ಕನಿ ಒಂದು ಸಣ್ಣ ವರ್ಕ್‌ಶಾಪ್. ಒಂದು ವೈಸ್, ಒಂದು ಡ್ರಿಲ್, ಒಂದಿಷ್ಟು ಅರಗಳಿವೆ. ಕಟ್ಟಿಗೆ ಕೊರೆದಿದ್ದೆ, ಗೋಡೆ ಕೊರೆದಿದ್ದೆ. ಕಬ್ಬಿಣವನ್ನೇ ಕೊರೆದವನಿಗೆ ಮೆತ್ತಗಿನ ತಾಮ್ರ ಎಷ್ಟರದು ಅಂದುಕೊಂಡೆ.

ಒಂದು ಭಾನುವಾರ ಹಂಡೆಯನ್ನು ಎಡಗೈಯಲ್ಲಿ ಅವುಚಿಕೊಂಡು ಎಂಟು ಮಿಲಿಮೀಟರಿನ ಹೊಸ ಬಿಟ್ ಒತ್ತಿದೆ. ಮೊದಲು ಅದು ಜಾರಿ ಹಂಡೆಯ ಮೈಮೇಲೆ ಗೆರೆ ಎಳೆಯಿತು. ಮತ್ತೆ ಒತ್ತಿದೆ. ತಾಮ್ರ ಕೊರೆಯುವ ಬದಲು ಹಿಟ್ಟಿನಂತೆ ಬಿಟ್ಟಿಗೆ ಅಂಟತೊಡಗಿತು. ತುದಿ ಆಚೆ ಬದಿಗೆ ತೂರಿದ ಕ್ಷಣದಲ್ಲೇ ಬಿಟ್ ತಗಡನ್ನು ಕಚ್ಚಿ ಹಿಡಿಯಿತು. ಡ್ರಿಲ್ ನಿಲ್ಲಲಿಲ್ಲ, ಹಂಡೆಯೇ ತಿರುಗಿತು. ನನ್ನ ಮಣಿಕಟ್ಟು ಉಳುಕಿತು. ಹಂಡೆ ಬಾಲ್ಕನಿಯ ಕಟ್ಟೆಗೆ ಬಡಿದು ಅಂಗೈಯಗಲ ನೆಗ್ಗಿತು. ನೋಡಿದರೆ ಸುತ್ತಲೂ ಹರಿದ ಮೂರು ಮೂಲೆಯ ತೂತು. ಗೆರೆ ಅಪ್ಪನ ಹೆಸರಿಗೆ ಎರಡು ಬೆರಳು ಕೆಳಗೆ ನಿಂತಿತ್ತು.

ಸಪ್ಪಳ ಕೇಳಿ ಅವ್ವ ಬಂದಳು. ಬೈದಿದ್ದರೆ ಚೆನ್ನಾಗಿತ್ತು. "ಇರ್ಲಿ ಬಿಡು, ಹಳೇದಲ್ಲೇನ," ಅಂದು ಒಳಗೆ ಹೋದಳು.

ಮುಂದಿನ ಶನಿವಾರ ಹಂಡೆಯನ್ನು ಚಾದರದಲ್ಲಿ ಕಟ್ಟಿಕೊಂಡು ಪಿಂಪ್ರಿಯಲ್ಲಿ ಮೆಟ್ರೊ ಹತ್ತಿದೆ. ತೊಡೆಯ ಮೇಲೆ ಹಂಡೆ ಇಟ್ಟುಕೊಂಡು ಕೂತವನನ್ನು ಜನ ನೋಡುತ್ತಿದ್ದರು. ಸಿವಿಲ್ ಕೋರ್ಟ್ ದಾಟಿ ನದಿಯ ಕೆಳಗೆ ಹಾದು, ಕಸಬಾ ಪೇಠೆಯಲ್ಲಿ ಇಳಿದೆ. ದಾರಿ ಕೇಳಿಕೊಂಡು ಹೋಗುತ್ತಿದ್ದಂತೆ ಓಣಿ ಕಾಣುವ ಮೊದಲೇ ಸದ್ದು ಕೇಳಿತು. ಟಣ್, ಟಣ್, ಟಣ್. ಒಂದು ಮನೆಯಲ್ಲಿ ನಿಂತರೆ ಇನ್ನೊಂದು ಮನೆಯಲ್ಲಿ ಶುರು.

ತಾಂಬಟರು ಕೊಂಕಣದ ಕಡೆಯಿಂದ ಬಂದು ಪೇಶ್ವೆಯರ ಕಾಲದಲ್ಲಿ ಇಲ್ಲಿ ನೆಲೆ ನಿಂತ ತ್ವಷ್ಟಾ ಕಾಸಾರ ಸಮುದಾಯದವರು. ನಮ್ಮ ಹಾಗೇ ಕೆಲಸ ಹುಡುಕಿಕೊಂಡು ಪುಣೆಗೆ ಬಂದವರು, ಇನ್ನೂರು ವರ್ಷಕ್ಕೂ ಮೊದಲು. ಹಂಡೆ, ಕೊಡ, ನೀರು ಕಾಯಿಸುವ ಬಂಬ್ ಇವೆಲ್ಲ ಇವರ ಕೈಯಲ್ಲಿ ತಯಾರಾಗುತ್ತಿದ್ದವು. ಸ್ಟೀಲು, ಪ್ಲಾಸ್ಟಿಕ್, ಗೀಜರ್ ಬಂದ ಮೇಲೆ ಆ ಗಿರಾಕಿ ಕಡಿಮೆಯಾಯಿತು. ಈಗ ತಟ್ಟೆ, ಲೋಟ, ದೀಪ, ಅಲಂಕಾರದ ಸಾಮಾನುಗಳನ್ನೂ ಮಾಡುತ್ತಾರೆ. ಪಾತ್ರೆಯ ಮೈತುಂಬ ಸಾಲಾಗಿ ಸುತ್ತಿಗೆಯ ಗುಳಿ ಮೂಡಿಸುವ ಕೆಲಸಕ್ಕೆ ಮಠಾರಕಾಮ ಎನ್ನುತ್ತಾರೆ. ಅದು ಬರೀ ಅಂದಕ್ಕೆ ಎಂದುಕೊಂಡಿದ್ದೆ.

ಒಂದು ಬಾಗಿಲಲ್ಲಿ ಕೂತಿದ್ದ ಹಿರಿಯರ ಮುಂದೆ ಗಂಟು ಬಿಚ್ಚಿದೆ. ಕಾಕಾ ತೂತಿನ ಸುತ್ತ ಬೆರಳಾಡಿಸಿ ನನ್ನ ಮುಖ ನೋಡಿದರು. "ಡ್ರಿಲ್?" ಅಂದರು. ತಲೆಯಾಡಿಸಿದೆ. ತೇಪೆ ಹಾಕಬೇಕೇನೋ ಎಂದು ಹೆದರಿದ್ದೆ. ಅವರು ನಕ್ಕರು. ನಳ ಕೂರಿಸಲು ಹೇಗೂ ದೊಡ್ಡ ತೂತು ಬೇಕು, ಈ ಹರುಕೆಲ್ಲ ಅದರಲ್ಲೇ ಹೋಗುತ್ತದೆ ಅಂದರು. ಅರ್ಧ ಇಂಚಿನ ನಳದ ತಿರುಪು ಸುಮಾರು 21 ಮಿಲಿಮೀಟರ್ ದಪ್ಪ. ನನ್ನ ತೂತು ಎಂಟರದ್ದು. ಇಷ್ಟು ಸಣ್ಣ ಲೆಕ್ಕ ಒಂದು ವಾರ ನನಗೆ ಹೊಳೆದಿರಲಿಲ್ಲ.

ನೆಗ್ಗಿದ ಜಾಗವನ್ನು ಬೆಂಕಿಯಲ್ಲಿ ಮಸುಕು ಕೆಂಪಾಗುವವರೆಗೆ ಕಾಯಿಸಿ ನೀರು ಹೊಯ್ದರು. ಉಕ್ಕು ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರ ಕಾಯಿಸಿದರೆ ಮೆತ್ತಗಾಗುತ್ತದೆ. ಆಮೇಲೆ ಹಂಡೆಯನ್ನು ಕಬ್ಬಿಣದ ಗೂಟಕ್ಕೆ ಆನಿಸಿ ಒಳಗಿನಿಂದ ಆಧಾರ ಕೊಟ್ಟು ಹೊರಗಿನಿಂದ ಬಡಿಯತೊಡಗಿದರು. ನೆಗ್ಗು ಎದ್ದಿತು. ತೂತಿನ ಸುತ್ತ ಎರಡು ರೂಪಾಯಿ ನಾಣ್ಯಕ್ಕಿಂತ ತುಸು ಅಗಲ ಜಾಗ ಚಪ್ಪಟೆಯಾಯಿತು, ವಾಷರ್ ಸರಿಯಾಗಿ ಕೂರಲಿ ಎಂದು. ಅಷ್ಟಾದ ಮೇಲೂ ಒತ್ತೊತ್ತಾಗಿ ಸಣ್ಣ ಪೆಟ್ಟು ಹಾಕುತ್ತಲೇ ಇದ್ದರು. ಸಾಕಲ್ಲ ಕಾಕಾ ಅಂದರೆ, ಪೆಟ್ಟು ತಿಂದರೇ ತಾಮ್ರ ಗಟ್ಟಿ, ಗಟ್ಟಿ ತಾಮ್ರ ಅಂಟುವುದಿಲ್ಲ ಅಂದರು. ಗುಳಿಗಳು ಅಂದಕ್ಕಷ್ಟೇ ಅಲ್ಲವೆಂದು ಆಗ ಗೊತ್ತಾಯಿತು. ಅಪ್ಪನ ಹೆಸರನ್ನು ಅವರ ಸುತ್ತಿಗೆ ಮುಟ್ಟಲಿಲ್ಲ. ನಾನು ಎಳೆದ ಗೆರೆ ಮುಕ್ಕಾಲು ಭಾಗ ಗುಳಿಗಳ ಕೆಳಗೆ ಅಡಗಿತು.

ತೂತನ್ನೂ ನೀವೇ ದೊಡ್ಡದು ಮಾಡಿಕೊಡಿ ಅಂದೆ. ಮಾಡಬಲ್ಲೆ, ಆದರೆ ನಿಮ್ಮ ತಾಯಿ ಕೇಳಿದ್ದು ನಿಮ್ಮನ್ನಲ್ಲವೇ ಅಂದರು.

ಅಲ್ಲಿಂದ ರವಿವಾರ ಪೇಠೆಯ ಬೋಹರಿ ಆಳಿಗೆ ನಡೆದೆ. ಹಾರ್ಡ್‌ವೇರ್ ಹುಚ್ಚಿದ್ದವರು ದುಡ್ಡು ಮನೆಯಲ್ಲಿಟ್ಟು ಹೋಗಬೇಕಾದ ಓಣಿ ಅದು. ಅಂಗಡಿಯ ಹಿರಿಯರಿಗೆ ನನ್ನ ಎಂಟರ ಬಿಟ್ ತೋರಿಸಿದೆ. ಇದರ ಚೂಪೇ ತಪ್ಪು ಅಂದರು. ಕಬ್ಬಿಣಕ್ಕೆ ಹೇಳಿಸಿದ ಬಿಟ್ಟಿನ ಸುರುಳಿ ಅಂಚು ಮೆತ್ತಗಿನ ತಾಮ್ರದೊಳಕ್ಕೆ ತಾನೇ ತಿರುಪಿನಂತೆ ನುಗ್ಗುತ್ತದೆ. ಆ ಅಂಚನ್ನು ಸಾಣೆಕಲ್ಲಿನಿಂದ ಬಿಟ್ಟಿನ ಉದ್ದಕ್ಕೆ ಎರಡು ಸಲ ಉಜ್ಜಿ, ಕೂದಲೆಳೆಯಷ್ಟು ಚಪ್ಪಟೆ ಮಾಡಿದರೆ ಕಚ್ಚುವುದಿಲ್ಲ, ಕೆರೆಯುತ್ತದೆ. ದೊಡ್ಡ ತೂತಿಗೆ ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಬಿಟ್ ಕೊಟ್ಟರು. ಅದರ ಗಾಡಿ ನೇರವಾಗಿದ್ದರೆ ಒಳಕ್ಕೆ ಎಳೆಯುವುದಿಲ್ಲ. ಅಲ್ಯೂಮಿನಿಯಂ ಆದರೆ ಸೀಮೆಎಣ್ಣೆ, ತಾಮ್ರಕ್ಕೆ ಹಾಲು ಎಂದೂ ಹೇಳಿದರು. ತಮಾಷೆ ಅಂದುಕೊಂಡೆ. ಆದರೆ ಲೇತ್ ಕೆಲಸದವರಿಗೆ ಇದು ಹಳೆಯ ವಿದ್ಯೆಯಂತೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಹೋಗಿ ಹಾಲು ಕೇಳಿದೆ.

"ಕುಡಿಯೂ ಹಾಲು ತಾಮ್ರಕ್ಕ ಯಾಕೋ?" ಅಂದಳು ಅವ್ವ.

"ಬಿಟ್ಟಿಗೆ ಅಂಟಬಾರದು ಯವ್ವಾ."

ಒಂದು ಗಳಿಗೆ ಯೋಚಿಸಿದಳು. "ಕೆನಿ ಇದ್ದದ್ದೋ, ಇಲ್ಲದ್ದೋ?"

ಅದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ. ಅವ್ವ ಕೆನೆ ತೆಗೆದು, ಬಟ್ಟಲಲ್ಲಿ ಹಾಲು, ಒಂದು ಚಮಚ ಹಿಡಿದು ತಾನೇ ಬಾಲ್ಕನಿಗೆ ಬಂದು ಕೂತಳು.

ಈ ಸಲ ಹಂಡೆಯ ಒಳಗೆ ಅದರ ಬಾಗಿಗೆ ತಕ್ಕಂತೆ ಕೆತ್ತಿದ ಕಟ್ಟಿಗೆಯ ತುಂಡು ಇಟ್ಟು ಕ್ಲ್ಯಾಂಪ್ ಬಿಗಿದೆ. ಹಂಡೆಯನ್ನು ಗೋಣಿಚೀಲದ ಮೇಲೆ ಮಲಗಿಸಿ ಅಕ್ಕಪಕ್ಕ ಇಟ್ಟಂಗಿ ಕೊಟ್ಟೆ. ಬೇಕಾದ ಮೆಟ್ಟಿಲಿಗೆ, ಅಂದರೆ 22ಕ್ಕೆ, ಟೇಪ್ ಸುತ್ತಿ ಗುರುತು ಮಾಡಿದೆ. ವೇಗ ಕಡಿಮೆ, ಒತ್ತಡವೂ ಕಡಿಮೆ. ನಾಲ್ಕು ಸುತ್ತು ಕೊರೆಯುವುದು, ಬಿಟ್ ಎತ್ತುವುದು, ಅಂಟಿದ ಎಳೆ ಬ್ರಷ್ಷಿನಿಂದ ತೆಗೆಯುವುದು. ಎತ್ತಿದಾಗೆಲ್ಲ ಅವ್ವ ಒಂದು ಚಮಚ ಹಾಲು ಬಿಡುವಳು. ಕೇಸರಿ ಬಣ್ಣದ ತಾಮ್ರದ ಸುರುಳಿ ಹಾಲಿನ ಜೊತೆ ಹರಿದು ಬರುತ್ತಿತ್ತು. ಹಂಡೆ ಬೆಚ್ಚಗಾಯಿತೇ ಹೊರತು ತಿರುಗಲಿಲ್ಲ. ಹತ್ತು, ಹನ್ನೆರಡು, ಹದಿನಾಲ್ಕು. ಮೂರು ಮೂಲೆಯ ಹರುಕು ಯಾವಾಗ ಹೋಯಿತೋ ಗಮನಿಸಲೇ ಇಲ್ಲ. 22ಕ್ಕೆ ಬಂದಾಗ ತೂತು ಬಳೆಯ ಹಾಗೆ ದುಂಡಗಿತ್ತು. ಅಂಚನ್ನು ಅರದಿಂದ ಉಜ್ಜಿ, ಒಳಗೊಂದು ಹೊರಗೊಂದು ವಾಷರ್ ಇಟ್ಟು ಹಿತ್ತಾಳೆಯ ನಳ ಬಿಗಿದೆ.

ಅವ್ವ ಹುಣಸೆಹಣ್ಣು, ಉಪ್ಪು ಹಚ್ಚಿ ಹಂಡೆ ತಿಕ್ಕಿದಳು. ಮಣಿಕಟ್ಟು ನೋಯುತ್ತದೆ, ನಾನು ತಿಕ್ಕುತ್ತೇನೆ ಅಂದರೆ ಬಿಡಲಿಲ್ಲ. ನೀರು ತುಂಬಿಸಿ ಒಂದು ತಾಸು ನೋಡಿದೆವು. ಹನಿ ಸೋರಲಿಲ್ಲ.

ಮೊದಲ ಲೋಟ ನನಗೇ ಕೊಟ್ಟಳು. ಹೊಸ ಗುಳಿಗಳ ಮೇಲೆ ಹೆಬ್ಬೆರಳು ಆಡಿಸುತ್ತ, "ಇದನ್ನ ಬಡಿದವ ಯಾರೋ? ಛಲೋ ಬಡಿದಾನ. ನನ್ನೂ ಒಮ್ಮೆ ಕರಕೊಂಡು ಹೋಗು," ಅಂದಳು. ಪುಣೆಗೆ ಬಂದು ಎರಡು ವರ್ಷದಲ್ಲಿ ಅವ್ವ ಈ ಊರಿನ ಒಂದು ಜಾಗ ನೋಡಬೇಕು ಅಂದದ್ದು ಅದೇ ಮೊದಲು. ಬರುವ ಶನಿವಾರ ಹೋಗುತ್ತಿದ್ದೇವೆ.