ಪುದುಪೇಟೆಯಲ್ಲಿ ಎರಡು ದಿನ

ಚೆನ್ನೈಗೆ ಹೋದವರು ಮರೀನಾ ಕಡಲತೀರವನ್ನು ನೋಡುತ್ತಾರೆ, ಮೈಲಾಪುರದ ಕಪಾಲೀಶ್ವರನ ದರ್ಶನ ಮಾಡುತ್ತಾರೆ, ಹೊರಡುವ ಮುನ್ನ ಒಂದು ಸೀರೆ ಕೊಳ್ಳುತ್ತಾರೆ. 2025ರ ಜನವರಿಯಲ್ಲಿ ನಾವು ದಂಪತಿಗಳು ಪುಣೆಯಿಂದ ಅಲ್ಲಿಗೆ ಹೋಗಿ, ಇವುಗಳಲ್ಲಿ ಒಂದನ್ನೂ ಮಾಡದೆ, ಎರಡು ದಿನ ಹಳೆಯ ಕಬ್ಬಿಣದ ನಡುವೆ ಕಳೆದು ಬಂದೆವು. ಸೀರೆಯ ವಿಷಯ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಕರೆ ಬಂದದ್ದು ದೊಡ್ಡಪ್ಪನವರಿಂದ. ಹಾಸನದ ಕಡೆಯಿಂದ ಹದಿನೆಂಟನೆಯ ವಯಸ್ಸಿಗೆ ಮದರಾಸು ಸೇರಿ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತವರು. ಈಗ ಅವರಿಗೆ ಎಂಬತ್ತೆರಡು. ಕಣ್ಣಿನ ನರದ ಖಾಯಿಲೆಯಿಂದ ದೃಷ್ಟಿ ಮಂಜಾಗಿದೆ. ಎದುರಿಗೆ ಮನುಷ್ಯನೊಬ್ಬ ನಿಂತಿದ್ದಾನೆಂಬುದು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. "ಅಂಕಿ ಓದೋರು ಒಬ್ಬರು ಬೇಕು ಕಣೋ. ಆಫೀಸಿನಲ್ಲಿ ನೀನು ದಿನವೆಲ್ಲ ಮಾಡೋದು ಅದೇ ತಾನೆ? ಬಾ" ಎಂದರು. ನಾವು ನಾಲ್ಕು ದಿನದ ರಜೆ ಬರೆದುಕೊಟ್ಟು ರೈಲು ಹತ್ತಿದೆವು. ಕಲಬುರಗಿಯ ಪ್ಲಾಟ್‌ಫಾರಂನಲ್ಲಿ ಚಹಾ ಮಾರುವವನ ಕನ್ನಡ ಕಿವಿಗೆ ಬಿದ್ದದ್ದೇ ದಾರಿಯ ಲಾಭ, ಉಳಿದದ್ದೆಲ್ಲ ನಿದ್ರೆ.

ವಿಷಯವಿಷ್ಟು. ಮದರಾಸಿನ ಉತ್ತರಕ್ಕೆ, ಕಲ್ಕತ್ತೆಯ ಹೆದ್ದಾರಿಯಲ್ಲಿ, ಕೆರೆಯಿಂದ ಹೆಸರಾದ ಶೋಳವರಂ ಎಂಬ ಊರಿದೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುಪಟ್ಟಿ ಅಲ್ಲಿತ್ತು. ಯುದ್ಧ ಮುಗಿದ ಮೇಲೆ ಆ ಪಟ್ಟಿಯ ಮೇಲೆ ಕಾರುಗಳ ಪಂದ್ಯ ನಡೆಯತೊಡಗಿತು. 1990ರಲ್ಲಿ ಶ್ರೀಪೆರಂಬುದೂರಿನ ಬಳಿ ಹೊಸ ಪಥ ಸಿದ್ಧವಾಗುವವರೆಗೂ ಮದರಾಸಿನ ಪಂದ್ಯವೆಂದರೆ ಶೋಳವರಂ. ಅಲ್ಲಿ ವಿದೇಶೀ ಪಂದ್ಯದ ಗಾಡಿಗಳ ಜೊತೆಗೆ ನಮ್ಮ ನಿಮ್ಮಂತಹವರು ಮಕ್ಕಳನ್ನು ಶಾಲೆಗೆ ಬಿಡುವ ಫಿಯಟ್, ಹೆರಾಲ್ಡ್ ಕಾರುಗಳೂ ಓಡುತ್ತಿದ್ದವು. 1965ರ ಒಂದು ಛಾಯಾಚಿತ್ರ ನಮ್ಮ ಮನೆತನದ ಆಲ್ಬಮ್ಮಿನಲ್ಲಿದೆ: ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಬಾನೆಟ್ ಮುಂದಕ್ಕೆ ಮಗುಚಿದೆ, ಪಕ್ಕದಲ್ಲಿ ಹೆಗಲ ಮೇಲೆ ಎಣ್ಣೆಬಟ್ಟೆ ಹಾಕಿಕೊಂಡ ಇಪ್ಪತ್ತೆರಡರ ದೊಡ್ಡಪ್ಪ. ಆ ಕಾರು ಎಂದೋ ಕೈಬಿಟ್ಟು ಹೋಯಿತು. ಗ್ಯಾರೇಜಿನ ಯಜಮಾನರ ಮಗನಿಗೆ ಈಗ ಅದರ ಪ್ರತಿಕೃತಿಯೊಂದನ್ನು ಕಟ್ಟುವ ಹಂಬಲ. ಚಿತ್ರ ಕಪ್ಪುಬಿಳುಪಿನದು, ಕಾರಿನ ಬಣ್ಣಕ್ಕೂ ಸಾಕ್ಷಿ ದೊಡ್ಡಪ್ಪ ಒಬ್ಬರೇ.

ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಕಾರು. 1961ರಿಂದ ಮದರಾಸಿನಲ್ಲೇ ತಯಾರಾಯಿತು. ಅದಕ್ಕೆ ಲಾರಿಯಂತೆ ಬೇರೆಯೇ ಚಾಸಿ. ಅದರ ಮೇಲೆ ಮೈಯನ್ನು ತುಂಡುತುಂಡಾಗಿ ಬೋಲ್ಟು ಹಾಕಿ ಕೂಡಿಸುತ್ತಾರೆ. ಇಡೀ ಮೈಯನ್ನು ಒಂದೇ ಕಡೆ ಮಾಡಿಸಲು ಇಂಗ್ಲೆಂಡಿನ ಕಂಪೆನಿಗೆ ಸಾಧ್ಯವಾಗದೆ ಹಲವರಿಂದ ಬಿಡಿ ಭಾಗಗಳನ್ನು ತರಿಸಿದ್ದರ ಫಲ ಇದು. ಪ್ರತಿಕೃತಿ ಕಟ್ಟುವವನಿಗೆ ಇದರಷ್ಟು ಅನುಕೂಲದ ಕಾರಿಲ್ಲ. ಆದರೆ ಬಿಚ್ಚಲು ಸುಲಭವಾದ್ದರಿಂದಲೇ ಒಂದರ ಬಾಗಿಲು ಇನ್ನೊಂದಕ್ಕೆ, ಅದರ ಎಂಜಿನ್ ಮತ್ತೊಂದಕ್ಕೆ ಹೋಗಿ, ಅರವತ್ತು ವರ್ಷಗಳಲ್ಲಿ ಗೋತ್ರಗಳೆಲ್ಲ ಬೆರೆತುಹೋಗಿವೆ.

ಗೋತ್ರ ಹುಡುಕುವ ಸ್ಥಳ ಪುದುಪೇಟೆ. ಎಗ್ಮೋರಿನಿಂದ ಕೂಗಳತೆಯ ದೂರ, ಪಕ್ಕದಲ್ಲೇ ಕೂವಂ ನದಿ. ಮೂಗಿಗೆ ಅದರ ಪರಿಚಯ ಮೊದಲಾಗುತ್ತದೆ. ನಾವು ಕಂಡ ಗಲ್ಲಿಗಳಲ್ಲಿ ಮನೆಯ ಮುಂದೆ ತೋರಣ ಕಟ್ಟಿದಂತೆ ಸೈಲೆನ್ಸರುಗಳು ತೂಗುತ್ತಿದ್ದವು. ಒಂದು ಅಂಗಡಿಯಲ್ಲಿ ಬಾಗಿಲುಗಳು ಮಾತ್ರ, ಇನ್ನೊಂದರಲ್ಲಿ ಗೇರ್‌ಪೆಟ್ಟಿಗೆಗಳು ಮಾತ್ರ. ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ಚಪ್ಪಲಿ ಹಾಕಿ ಬಂದ ನಮ್ಮ ಮನೆಯವರು ಎರಡು ಸಲ ಜಾರಿ, ಎರಡು ಸಲವೂ ನಮ್ಮನ್ನೇ ದುರುಗುಟ್ಟಿ ನೋಡಿದರು.

ದೊಡ್ಡಪ್ಪನವರು ಜೇಬಿನಲ್ಲಿ ಒಂದೇ ಒಂದು ನಟ್ಟು ಇಟ್ಟುಕೊಂಡಿದ್ದರು. ಹದಿನಾರರಲ್ಲಿ ಐದು ಭಾಗ ಇಂಚಿನದು, ಇಂಚಿಗೆ 24 ತ್ರೆಡ್. ಫಿಯಟ್ಟಿನ ಎಂಟು ಮಿಲಿಮೀಟರಿನ ಬೋಲ್ಟಿಗೂ ಹೆರಾಲ್ಡಿನ ಈ ಅಳತೆಯ ಬೋಲ್ಟಿಗೂ ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸ, ಕಣ್ಣಿಗೆ ಒಂದೇ. ನಟ್ಟು ಎರಡು ಸುತ್ತು ಹೋಗಿ ಕಚ್ಚಿಕೊಂಡರೆ "ಇದು ಮಿಲಿಮೀಟರು, ಬಿಡು" ಎನ್ನುವರು. ಸರಾಗವಾಗಿ ಇಳಿದರೆ ಮಾತ್ರ ಮುಂದಿನ ವಿಚಾರಣೆ. ಆಮೇಲೆ ಬೆರಳಿನಿಂದ ಅಂಕಿಗಳನ್ನು ತಡವುತ್ತಿದ್ದರು. ಎರಕದಲ್ಲೇ ಉಬ್ಬಿ ಬಂದ ಅಂಕಿ ಒಂದು, ಆಮೇಲೆ ಮೊಳೆ ಹೊಡೆದು ತಗ್ಗಿಸಿದ ಅಂಕಿ ಇನ್ನೊಂದು. "ಉಬ್ಬಿದ್ದು ಮನೆತನದ ಹೆಸರು, ತಗ್ಗಿದ್ದು ಅವನದೇ ಹೆಸರು." ಉಬ್ಬಿದ್ದನ್ನು ಅವರೇ ಓದಿಬಿಡುವರು. ತಗ್ಗಿದ್ದು ತುಕ್ಕಿನಲ್ಲಿ ಮುಚ್ಚಿರುತ್ತದೆ. ಅಲ್ಲಿ ನಾವು ಸೀಮೆಸುಣ್ಣ ಉಜ್ಜಿ, ಇಲ್ಲವೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಓದಿ ಹೇಳಬೇಕು.

ನಮಗೆ ಬೇಕಾಗಿದ್ದ ಮುಖ್ಯ ವಸ್ತು ಮ್ಯಾನಿಫೋಲ್ಡ್, ಎಂದರೆ ಕಾರ್ಬೊರೇಟರಿನಿಂದ ಎಂಜಿನ್ನಿಗೆ ಹೋಗುವ ಕವಲುಗೊಳವೆ. ಸಾಮಾನ್ಯ ಹೆರಾಲ್ಡಿಗೆ ಒಂದು ಸೋಲೆಕ್ಸ್ ಕಾರ್ಬೊರೇಟರು. ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಎಂಜಿನ್ನಿನ ಪಕ್ಕ ಎರಡು ಪುಟ್ಟ ಗೋಪುರಗಳು ಕಾಣುತ್ತವೆ: ಅವಳಿ ಎಸ್.ಯು. ಕಾರ್ಬೊರೇಟರುಗಳು. ಅದಿಲ್ಲದೆ ಕಟ್ಟಿದರೆ ಹೆರಾಲ್ಡ್ ಆಗುತ್ತದೆ, ಆ ಹೆರಾಲ್ಡ್ ಆಗುವುದಿಲ್ಲ. ಅಮೆರಿಕದಲ್ಲಿ 1949ರಲ್ಲಿ ಷಾರ್ಲಟ್ ಎಂಬಲ್ಲಿ ಅಂಗಡಿಯ ಕಾರುಗಳ ಮೊದಲ ದೊಡ್ಡ ಪಂದ್ಯದಲ್ಲಿ ಗ್ಲೆನ್ ಡನವೇ ಎಂಬವನು ಫೋರ್ಡ್ ಓಡಿಸಿ ಮೊದಲಿಗನಾದ. ಹಿಂದಿನ ಸ್ಪ್ರಿಂಗುಗಳನ್ನು ತಿದ್ದಿದ್ದನ್ನು ತನಿಖೆಯವರು ಗುರುತಿಸಿ ಬಹುಮಾನವನ್ನು ಜಿಮ್ ರೋಪರ್ ಎಂಬವನಿಗೆ ಕೊಟ್ಟರು. ಒಂದು ಬಿಡಿಭಾಗಕ್ಕೆ ಅಷ್ಟು ಬೆಲೆ.

ಮಧ್ಯಾಹ್ನದ ಹೊತ್ತಿಗೆ ಒಂದು ಅಂಗಡಿಯ ಮೂಲೆಯಲ್ಲಿ ಅವಳಿ ಬಾಯಿಯ ಮ್ಯಾನಿಫೋಲ್ಡ್ ಕಂಡಿತು. ಅದಕ್ಕೆ ಕಟ್ಟಿದ ಚೀಟಿಯಲ್ಲಿ '948 ಸಿಸಿ' ಎಂದು ಬರೆದಿತ್ತು. ಹೆರಾಲ್ಡಿನ ಎಂಜಿನ್ 948 ಸಿಸಿ ಎಂಬುದನ್ನು ನಾವು ರೈಲಿನಲ್ಲೇ ಬಾಯಿಪಾಠ ಮಾಡಿದ್ದೆವು. ದೊಡ್ಡಪ್ಪ ಚಹಾ ಕುಡಿಯಲು ಕುಳಿತಿದ್ದರು. ನಾವು ಸಂತೋಷದಿಂದ ಚೌಕಾಸಿ ಮಾಡಿ ಐನೂರು ರೂಪಾಯಿ ಮುಂಗಡ ಕೊಟ್ಟು, ಮಗುವನ್ನೆತ್ತಿಕೊಂಡಂತೆ ಎತ್ತಿಕೊಂಡು ಬಂದೆವು. ಅವರು ಮಾತಾಡದೆ ಚೀಲದಿಂದ ಹಳೆಯ ಗ್ಯಾಸ್ಕೆಟ್ ಒಂದನ್ನು ತೆಗೆದು, ನಮ್ಮ ಮನೆಯವರ ಕೈಗಿತ್ತು, "ಇಟ್ಟು ನೋಡಮ್ಮ" ಎಂದರು.

"ತೂತುಗಳು ಕೂಡೋದೇ ಇಲ್ಲ, ದೊಡ್ಡ ಮಾವ."

"ಮಾರಿಸ್ ಮೈನರಿಂದು. ಅದೂ 948."

ಬೇರೆ ಕಂಪೆನಿ, ಬೇರೆ ಎಂಜಿನ್, ಗಾತ್ರ ಮಾತ್ರ ಒಂದೇ! ಹದಿಮೂರು ವರ್ಷ ಕಡತಗಳ ಮೇಲಿನ ನಂಬರನ್ನೇ ನಂಬಿ ಬದುಕಿದ ನಮಗೆ ಆಗ ಆದ ಮುಖಭಂಗವನ್ನು ವಾಚಕರು ಊಹಿಸಿಕೊಳ್ಳಬಹುದು.

ಅಂಗಡಿಯಾತ ಒಳ್ಳೆಯ ವ್ಯಾಪಾರಿ. ಮುಂಗಡ ಹಿಂದಿರುಗಿಸುವ ಬದಲು ಮೇಜಿನ ಡ್ರಾಯರಿನಿಂದ ಪುಟ್ಟ ತಗಡಿನ ಫಲಕವನ್ನೂ ಹರಿದ ನೋಂದಣಿ ಪುಸ್ತಕವನ್ನೂ ಹೊರತೆಗೆದ. ಅರವತ್ತರ ದಶಕದ ಒಂದು ಹೆರಾಲ್ಡಿನವು. ಇದನ್ನು ರಿವೆಟ್ ಹೊಡೆದು ಕೂಡಿಸಿ, ನಿಮ್ಮ ಗಾಡಿ ಪ್ರತಿಕೃತಿ ಅಲ್ಲ, ಅಸಲಿಯೇ ಆಗುತ್ತದೆ, ಬೆಲೆ ಎಷ್ಟೋ ಪಾಲು ಹೆಚ್ಚುತ್ತದೆ ಎಂದ. ದಾಖಲೆಯಲ್ಲಿ ಒಂದು ಅಂಕಿ ತಿದ್ದಿದರೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ, ನಿಜ ಹೇಳಬೇಕು, ನಮಗೆ ಆಸೆಯಾಯಿತು. ಇದೇ 'ಆ' ಕಾರು ಎಂದು ಯಾರಾದರೂ ದೊಡ್ಡಪ್ಪನ ಕೈಹಿಡಿದು ಹೇಳಿದರೆ ಅವರು ಇನ್ನೆಷ್ಟು ದಿನ ಅದನ್ನು ಅನುಭವಿಸಿಯಾರು ಎಂಬ ಯೋಚನೆಯೂ ಬಂತು.

ಅವರು ಫಲಕವನ್ನು ಕೈಗೆ ತೆಗೆದುಕೊಂಡು ನಂಬರನ್ನು ಓದಿಸಿದರು. ನಾವು ಎರಡು ಸಲ ಓದಿದೆವು.

"ಇದು ಯಾರದೋ ಗಾಡಿ ಕಣೋ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮದರ ನಂಬರು ಏನಿತ್ತೋ ನನಗೆ ಗೊತ್ತಿಲ್ಲ. ಆವಾಗ ಕಣ್ಣಿತ್ತು, ನೋಡಲಿಲ್ಲ" ಎಂದು ಫಲಕವನ್ನು ಅಂಗಡಿಯಾತನಿಗೇ ಹಿಂದಿರುಗಿಸಿದರು.

ಮರುದಿನ ಅದೃಷ್ಟ ಕೊಂಚ ತಿರುಗಿತು. ಬೇರೊಂದು ಗಲ್ಲಿಯಲ್ಲಿ ಲ್ಯೂಕಾಸ್ ಡೈನಮೋ ಒಂದು ಸಿಕ್ಕಿತು. ಲ್ಯೂಕಾಸಿನವರು ತಮ್ಮ ವಸ್ತುಗಳ ಮೇಲೆ ತಿಂಗಳನ್ನೂ ವರ್ಷವನ್ನೂ ಒತ್ತುತ್ತಿದ್ದರು. ಸೀಮೆಸುಣ್ಣ ಉಜ್ಜಿದಾಗ 10, 64 ಎಂದು ಮೂಡಿತು. "ಅಕ್ಟೋಬರ್ ಅರವತ್ನಾಲ್ಕು" ಎಂದೆವು. ದೊಡ್ಡಪ್ಪ ಅದನ್ನು ಮಡಿಲಲ್ಲಿಟ್ಟುಕೊಂಡೇ ಆಟೋದಲ್ಲಿ ಮನೆಗೆ ಬಂದರು. ಗ್ಯಾರೇಜಿನ ಯಜಮಾನರ ಮಗ ಫಲಕದ ಕಥೆ ಕೇಳಿ ಮೊದಲು ಮುಖ ಸಣ್ಣ ಮಾಡಿಕೊಂಡು, ಆಮೇಲೆ 'ಪ್ರತಿಕೃತಿ, 2025' ಎಂದು ಹೊಸ ತಗಡು ಬರೆಸಲು ಒಪ್ಪಿದರು.

ಮ್ಯಾನಿಫೋಲ್ಡ್ ಮಾತ್ರ ಸಿಗಲಿಲ್ಲ. ಹೊರಡುವ ಸಂಜೆ ನಮ್ಮ ಮನೆಯವರು ರವಿಕೆಗೆ ಅಳತೆಕಾಗದ ಕತ್ತರಿಸುವ ಜಾಣತನದಿಂದ ಗ್ಯಾಸ್ಕೆಟ್ಟಿನ ಸುತ್ತ ಪೆನ್ಸಿಲ್ ಎಳೆದು, ತೂತುಗಳನ್ನು ಕತ್ತರಿಸಿ, ಕಾಗದದ ಅಚ್ಚೊಂದನ್ನು ಮಾಡಿಕೊಂಡರು. ಈಗ ಬುಧವಾರ ಸಂಜೆ ಕಛೇರಿ ಬಿಟ್ಟ ಮೇಲೂ ಭಾನುವಾರವೂ ಅದನ್ನು ಹಿಡಿದು ಪುಣೆಯ ಜೂನಾ ಬಜಾರಿನಲ್ಲಿ ತಿರುಗುತ್ತಿದ್ದೇವೆ. ವಾಚಕರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಅವಳಿ ಕಾರ್ಬೊರೇಟರಿನ ಮ್ಯಾನಿಫೋಲ್ಡ್ ಬಿದ್ದಿದ್ದರೆ ಸಂಪಾದಕರ ಮೂಲಕ ದಯವಿಟ್ಟು ತಿಳಿಸಬೇಕು. 948 ಎಂದು ಬರೆದಿದ್ದರೆ ಸಾಲದು. ನಾವೇ ಬಂದು ಕಾಗದವಿಟ್ಟು ನೋಡುತ್ತೇವೆ.